ಗೆರೆ ಎಳೆದ ಹೋಬಳಿ

ಅಯೋವಾ,
ಮಾರ್ಚ್ 3, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಮುದ್ದಿನ ಜೊಲೀನ್‌ಗೆ ವರ್ನಾ ಅತ್ತೆಯ ಅಕ್ಕರೆ.

ಹೇಗಿದ್ದೀಯ ಮಗಳೇ? ಬೆಳಗಿನ ವಾಂತಿ ನಿಂತಿತೆ? ದಿಂಬಿನ ಪಕ್ಕದಲ್ಲೇ ಉಪ್ಪು ಬಿಸ್ಕತ್ತು ಇಟ್ಟುಕೊಂಡು ಏಳುವ ಮೊದಲೇ ಒಂದೆರಡು ತಿನ್ನು. ಇದು ಇಪ್ಪತ್ತು ವರ್ಷ ಕೌಂಟಿಯ ನರ್ಸ್ ಆಗಿದ್ದವಳ ಮಾತು, ಈಗಿನ ವಿದ್ಯಾರ್ಥಿನಿಯದಲ್ಲ. ವಿದ್ಯಾರ್ಥಿನಿಯನ್ನು ಕೇಳಿದರೆ ಬಿಸ್ಕತ್ತು ತಿಂದವರದೊಂದು ಗುಂಪು, ತಿನ್ನದವರದೊಂದು ಗುಂಪು ಮಾಡಿ ಐದು ವರ್ಷ ಕಾಯಲು ಹೇಳುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ನೀನು ‘ಅತ್ತೆ, ಯಾಕೆ ದನಿ ಹೀಗಾಗಿದೆ?’ ಎಂದು ಮೊದಲ ಮಾತಿಗೇ ಹಿಡಿದುಬಿಡುತ್ತೀಯ. ಕಾಗದಕ್ಕೆ ದನಿ ಇಲ್ಲ.

ಅವನ ತಂಗಿ ಇನ್ನೂ ಫೇಲಾಗಿಲ್ಲ ಎಂದು ನಿನ್ನ ಅಪ್ಪನಿಗೆ ತಿಳಿಸು. ‘ಕೂದಲು ಬೆಳ್ಳಗಾದ ಮೇಲೆ ಬೆನ್ನಿಗೆ ಚೀಲ ಹಾಕ್ಕೊಂಡು ಹೊರಟ್ಯಲ್ಲೇ, ಬಸ್ಸಲ್ಲಿ ಅರ್ಧ ಟಿಕೆಟ್ ಕೊಡ್ತಾರೇನೇ?’ ಎಂದು ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಎಲ್ಲರೆದುರು ಕೇಳಿದ್ದನಲ್ಲ! ಕೊಡುವುದಿಲ್ಲ. ಯಾವ ಕಾಯಿಲೆ ಎಲ್ಲಿ, ಯಾಕೆ ಎಂದು ಲೆಕ್ಕ ಹಿಡಿಯುವ ನಮ್ಮ ಎಪಿಡೆಮಿಯಾಲಜಿ ವಿಭಾಗದವರು ಕೊಡುವುದು ಕಿಟಕಿಯಿಲ್ಲದ ಕೋಣೆ, ಒಂದು ಕಂಪ್ಯೂಟರ್, ಬೇಕಾದಷ್ಟು ಭಯ. ಬರುವ ಶುಕ್ರವಾರ ಪ್ರಾಧ್ಯಾಪಕರೆಲ್ಲ ಎದುರು ಕೂತು ನನ್ನ ಪಿಎಚ್‌ಡಿ ಪ್ರಬಂಧವನ್ನು ಕೋಳಿಯ ಪುಕ್ಕ ಕಿತ್ತಂತೆ ಕೀಳಲಿದ್ದಾರೆ. ಓದಿದ್ದು ಉಳಿಯುತ್ತಿಲ್ಲ, ಉಂಡಿದ್ದು ಇಳಿಯುತ್ತಿಲ್ಲ, ಕಣ್ಣು ಮುಚ್ಚಿದರೆ ನಿದ್ದೆ ಸುಳಿಯುತ್ತಿಲ್ಲ. ಪ್ರಾಸದ ಚಾಳಿ ಮಾತ್ರ ಕೈಬಿಟ್ಟಿಲ್ಲ, ನೋಡು. ಆದರೆ ನನ್ನ ಹೆದರಿಕೆ ಶುಕ್ರವಾರದ್ದಲ್ಲ.

ನನ್ನ ಪ್ರಬಂಧದ ವಿಷಯ ನಿನಗೆ ಗೊತ್ತು: ಹೊಲದ ಗೊಬ್ಬರ ಇಳಿಯುವ ಬಾವಿಗಳ ನೀರು ಕುಡಿಯುವ ಮನೆಗಳಲ್ಲಿ ಕೂಸುಗಳು ತಿಂಗಳು ತುಂಬುವ ಮೊದಲೇ ಹುಟ್ಟುವುದು ಹೆಚ್ಚೇ ಎಂಬುದು. ಸರ್ಕಾರ ಜನನದ ದಾಖಲೆಗಳನ್ನು ಹೆಸರು ಅಳಿಸಿ ಕೊಡುತ್ತದೆ. ಕೊಡುವ ಮೊದಲು ರುಜು ಹಾಕಿಸಿಕೊಳ್ಳುತ್ತದೆ: ಯಾರನ್ನೂ ಗುರುತಿಸಲು ಹೋಗುವುದಿಲ್ಲ, ಗುರುತಾದರೂ ಬಾಯಿ ಬಿಡುವುದಿಲ್ಲ ಎಂದು. ಇನ್ನೊಂದು ಕಟ್ಟಳೆಯೂ ಇದೆ. ಒಂದು ಹೋಬಳಿಯಲ್ಲಿ ಅಂಥ ಕೂಸುಗಳು ಹನ್ನೊಂದಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನು ತೋರಿಸಬಾರದು. ನಕ್ಷೆಯಲ್ಲಿ ಅಲ್ಲಿ ಬಣ್ಣ ತುಂಬದೆ ಓರೆ ಗೆರೆ ಎಳೆದು ಬಿಡಬೇಕು. ಸಣ್ಣ ಊರಿನಲ್ಲಿ ಅಂಕಿ ಹೇಳುವುದೂ ಹೆಸರು ಹೇಳುವುದೂ ಒಂದೇ, ಅದಕ್ಕೆ. ನ್ಯಾಯವಾದ ಕಟ್ಟಳೆಯೇ. ಮೊದಲ ವರ್ಷದವರಿಗೆ ಇದನ್ನು ಪಾಠ ಮಾಡುವವಳು ನಾನೇ.

ನನ್ನ ಗುರು ಡಾಕ್ಟರ್ ಬ್ರಾನ್ಸ್‌ಕಿ ಶುರುವಿನಲ್ಲೇ ಅಂದಿದ್ದರು: ‘ನಿಮ್ಮೂರಿನ ಕೌಂಟಿ ಬಿಟ್ಬಿಡು ವರ್ನಾ. ಅಲ್ಲಿಯವರು ನಿನಗೆ ಅಂಕಿಯಾಗಿ ಕಾಣಲ್ಲ ಕಣಮ್ಮ.’ ನಾನು ಕೇಳಲಿಲ್ಲ. ಮಣ್ಣು ಗೊತ್ತು, ಮನೆ ಗೊತ್ತು, ಮಂದಿ ಗೊತ್ತು ಎಂದು ಬೀಗಿ ಸೇರಿಸಿಕೊಂಡೆ. ಕಳೆದ ವಾರ ಒಂದು ಸಾಲಿನ ಮೇಲೆ ಬೆರಳು ನಿಂತುಬಿಟ್ಟಿತು. ಹೆಸರಿಲ್ಲ. ಹುಟ್ಟಿದ ತಿಂಗಳು, ತೂಕ, ತಾಯಿಯ ವಯಸ್ಸು, ಹೋಬಳಿ, ಅಷ್ಟೇ. ಆದರೆ ಆ ತಿಂಗಳು, ಅಲ್ಲಿ, ಅಷ್ಟೇ ತೂಕದ ಕೂಸಿಗೆ ನಿಂಬೆಹಣ್ಣಿನ ಮೇಲೆ ಕೂರುವಷ್ಟು ಪುಟ್ಟ ಟೋಪಿ ಹೆಣೆದು ಕೊಟ್ಟವಳು ನಾನು. ಅದರ ಅಂತ್ಯಕ್ರಿಯೆಗೆ ಬಂದವರಿಗೆ ಹ್ಯಾಮ್ ಬನ್ ಮಾಡಿದವಳೂ ನಾನು. (ಅಂಥ ಟೋಪಿ ಎಷ್ಟೋ ಹೆಣೆದಿದ್ದೇನೆ, ಯಾವುದೆಂದು ಹುಡುಕಬೇಡ.) ಹೆಸರಿಲ್ಲದ ಸಾಲಿಗೆ ಮುಖ ಬಂದ ಮೇಲೆ ಮಿಕ್ಕ ಸಾಲುಗಳನ್ನು ನೋಡದೆ ಇರಲಾಗಲಿಲ್ಲ. ಅದೇ ಹೋಬಳಿಯಲ್ಲಿ ಇನ್ನೂ ಇವೆ. ಎಷ್ಟೆಂದು ಬರೆಯುವಂತಿಲ್ಲ. ಹನ್ನೊಂದು ಇಲ್ಲ. ಆದರೆ ಅಷ್ಟು ಸಣ್ಣ ಜಾಗದಲ್ಲಿ ಅಷ್ಟೂ ಇರಬಾರದು.

ಡಾಕ್ಟರ್ ಬ್ರಾನ್ಸ್‌ಕಿಗೆ ಸಾಲುಗಳನ್ನು ತೋರಿಸಿದೆ. ಅದರಲ್ಲೊಂದು ನನಗೆ ಗುರುತಾದ ಸುದ್ದಿ ಮಾತ್ರ ಎತ್ತಲಿಲ್ಲ. ‘ಇಷ್ಟು ಕಡಿಮೆ ಇದ್ರೆ ಬರೀ ಕಾಕತಾಳೀಯವೂ ಇರಬಹುದು. ದಾಳ ಉರುಳಿಸಿದ್ರೆ ಒಂದೊಂದ್ಸಲ ಸಾಲಾಗಿ ಆರೇ ಬೀಳಲ್ವಾ? ಗೆರೆ ಎಳಿ, ಮುಂದಿನ ಅಧ್ಯಾಯ ಬರಿ’ ಎಂದರು. ಸರಿಯಾದ ಮಾತು. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಬರುವ ಮಾತು. ಗೆರೆ ಎಳೆದೆ. ಅಂದಿನಿಂದ ನಕ್ಷೆ ತೆರೆದರೆ ಬೇರೆ ಯಾವ ಬಣ್ಣವೂ ಕಾಣುವುದಿಲ್ಲ, ಆ ಗೆರೆಗಳೇ ಕಾಣುತ್ತವೆ. ನೀರಿನಲ್ಲಿ ನಿಜವಾಗಿಯೂ ಏನೋ ಇದ್ದರೆ ಎಂಬ ಭಯ ಒಂದು ಕಡೆ. ಇಲ್ಲದ್ದನ್ನು ಇದೆಯೆಂದು ಹೇಳಿ ಬಸುರಿಯೊಬ್ಬಳ ನಿದ್ದೆ ಕೆಡಿಸಿದರೆ ಎಂಬ ಭಯ ಇನ್ನೊಂದು ಕಡೆ. ಬಾಯಿ ಬಿಟ್ಟರೆ ಪದವಿ ಹೋಗುತ್ತದೆ. ನನ್ನದಷ್ಟೇ ಹೋದರೆ ಹೋಗಲಿ, ವಿಭಾಗದ ಯಾರಿಗೂ ಮುಂದೆ ದಾಖಲೆ ಕೊಡದೆ ಹೋದರೆ? ಎಣಿಸುವವರಿಲ್ಲದಿದ್ದರೆ ಆ ಕೂಸುಗಳನ್ನು ಕೇಳುವವರು ಯಾರು? ಹೀಗೆ ಇಡೀ ವಾರ ಕೈ ತಣ್ಣಗೇ ಇದೆ, ಹೀಟರ್ ಪಕ್ಕದಲ್ಲಿ ಕೂತರೂ. ಯಾವ ಹೋಬಳಿ ಎಂದು ಮಾತ್ರ ಕೇಳಬೇಡ. ರುಜು ಹಾಕಿದ್ದೇನೆ.

ನಿನ್ನ ಅಪ್ಪನಿಗೆ ಬೈಗುಳ ಬೆರೆಸಿದ ಪ್ರೀತಿ, ಕರ್ಟ್‌ಗೆ ಬೈಗುಳವಿಲ್ಲದ ಪ್ರೀತಿ. ಅಳಿಯನಾಗಿ ಇನ್ನೂ ಹೊಸಬ. ದೇವರು ನಿನ್ನನ್ನೂ ನಿನ್ನೊಳಗಿರುವುದನ್ನೂ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ,
ವರ್ನಾ ಅತ್ತೆ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ. ಜೊಲೀನ್, ಇದು ಕೈಗೆ ಬಂದ ಗಳಿಗೆಯಿಂದ ನಿಮ್ಮ ಬಾವಿ ನೀರು ಕುಡಿಯಬೇಡ. ಅಡುಗೆಗೂ ಬೇಡ. ಕುದಿಸಿದರೆ ಹೋಗುವಂಥದ್ದಲ್ಲ ಅದು. ಕರ್ಟ್ ಪೇಟೆಯಿಂದ ಕ್ಯಾನಿನಲ್ಲಿ ತರಲಿ. ಗೊಣಗಿದರೆ ನನ್ನ ಹೆಸರು ಹೇಳು. ನೀರನ್ನು ಪರೀಕ್ಷೆಗೂ ಕಳಿಸು, ಆದರೆ ಫಲಿತಾಂಶ ಬರಲೆಂದು ಕಾಯುತ್ತ ಅದನ್ನೇ ಕುಡಿಯಬೇಡ. ನನ್ನ ಊಹೆ ತಪ್ಪೇ ಇರಬಹುದು. ತಪ್ಪಾಗಲಿ ಎಂದು ದಿನವೂ ಬೇಡುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಿ, ನಾಳೆ ಬೆಳಿಗ್ಗೆ ಡಾಕ್ಟರ್ ಬ್ರಾನ್ಸ್‌ಕಿಯ ಬಾಗಿಲು ತಟ್ಟಿ, ರುಜು ಹಾಕಿ ಕೊಟ್ಟ ಮಾತು ಮುರಿದೆನೆಂದು ನಾನೇ ಹೇಳುತ್ತೇನೆ. ಮೊದಲು ಅಲ್ಲಿಗೆ ಹೋದರೆ ಅಂಚೆಗೆ ಹಾಕುವ ಧೈರ್ಯ ಉಳಿಯುವುದಿಲ್ಲ. ರಸ್ತೆಯಾಚೆ ಮನೆಯ ಟ್ವೈಲಾಗೂ ದಿನ ತುಂಬುತ್ತಿದೆ ಎಂದು ಬರೆದಿದ್ದೆಯಲ್ಲ, ಅವಳಿಗೂ ಹೇಳು. ನಿನಗೊಬ್ಬಳಿಗೆ ಹೇಳಿದ್ದನ್ನು ಅತ್ತೆಯ ಅಳುಕು ಎಂದು ಯಾರಾದರೂ ಕ್ಷಮಿಸಿಯಾರು. ಅವಳಿಗೂ ಹೇಳಿದರೆ ಕ್ಷಮಿಸುವುದಿಲ್ಲ. ಹೇಳು.