ಬಾಗಿಲ ಮುಂದಿನ ಚರಟ

ನವೆಂಬರ್ ೧೨, ಮಂಗಳವಾರ. ತಾಯ್‌ನಿಂಗ್.

ಆ ತೊಗಟೆ ಕಣ್ಣಿಂದ ಹೋಗುತ್ತಿಲ್ಲ.

ಸಂಜೆ ಪ್ರಯೋಗಾಲಯದಿಂದ ಬಂದಾಗ ಬಾಗಿಲ ಮುಂದೆ ಕಷಾಯದ ಚರಟ ಬಿದ್ದಿತ್ತು. ತುಳಿದವರ ಕಾಲಿಗಂಟಿ ರೋಗ ತೊಲಗಲಿ ಎಂದು, ಇಲ್ಲಿನ ರೂಢಿಯಂತೆ, ಅಮ್ಮ ಸುರಿದದ್ದು. ನಾನೇ ತುಳಿದೆ. ಬಗ್ಗಿ ನೋಡಿದರೆ ಕೀಲುನೋವಿಗೆ ಕುದಿಸುವ ಸಿಡಿಲುದೇವರ ಬಳ್ಳಿಯ ಬೇರು, ತೊಗಟೆ ಸಮೇತ! ವಿಷ ಹೆಚ್ಚಿರುವುದೇ ತೊಗಟೆಯಲ್ಲಿ. ಹೆರೆದು ತೆಗೆಯದೆ ಇಲ್ಲಿ ಯಾರೂ ಕುದಿಸುವುದಿಲ್ಲ.

"ಯಾರಮ್ಮ ಕೊಟ್ಟಿದ್ದು?"

"ಇನ್ಯಾರು, ನಿನ್ ಶಾವ್ ಮಾವ. ಗುಡ್ಡದಿಂದ ಕಿತ್ಕೊಂಡು ಬಂದ. ಇಲ್ನೋಡು!" ಊದಿಕೊಂಡೇ ಇರುತ್ತಿದ್ದ ಬೆರಳು ಮಡಚಿ ಮುಷ್ಟಿ ಕಟ್ಟಿ ತೋರಿಸಿದಳು. "ಗಾಜಿನ ತಟ್ಟೇಲಿರೋ ಜೀವಕೋಶಕ್ಕೆ ಇದನ್ನೇ ಹಾಕ್ತೀಯಂತೆ. ಹೆತ್ತೋಳಿಗೆ ಬೇಡ್ವಾ?"

ಹಾಕಿದ್ದೆವು, ನಿಜ. ಹೋದ ತಿಂಗಳು ಅದರ ಸಾರ ಬಿದ್ದೊಡನೆ ರಕ್ಷಣಾ ಕೋಶಗಳು ಉರಿಯೂತದ ಸಂಕೇತ ಕಳಿಸುವುದನ್ನೇ ನಿಲ್ಲಿಸಿದವು. ಶಾಂತವಾದವು ಎಂದು ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುದಿನ ಸತ್ತ ಕೋಶ ಗುರುತಿಸುವ ಬಣ್ಣ ಹಾಕಿ ನೋಡಿದರೆ ಮುಕ್ಕಾಲು ಪಾಲು ಸತ್ತಿದ್ದವು.

ಇದನ್ನು ಅವಳಿಗೆ ಹೇಗೆ ಹೇಳಲಿ? ಮಡಕೆಯಲ್ಲಿದ್ದ ಕಷಾಯವನ್ನೆಲ್ಲ ಬಚ್ಚಲಿಗೆ ಸುರಿದುಬಿಟ್ಟೆ.

"ಇವತ್ತು ನಾನೇ ಸೂಜಿಗೆ ದಾರ ಪೋಣಿಸ್ದೆ ಕಣೇ!" ಎಂದು ಅತ್ತಳು. ರಕ್ಷಣಾ ಕೋಶ ಕಡಿಮೆಯಾಗಿವೆಯೇ ನೋಡಲು ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆಗೆ ಹೋಗೋಣ ಎಂದರೆ, "ನೀನೇ ಹೋಗು" ಎಂದು ಬಾಗಿಲು ಹಾಕಿಕೊಂಡಳು.

ಆ ದಾರ ಏತಕ್ಕೆಂದು ಈಗ ತಿಳಿಯಿತು. ಕಿತ್ತುಹೋಗಿದ್ದ ನನ್ನ ಕೋಟಿನ ಗುಂಡಿ ಬಿಗಿಯಾಗಿ ಕೂತಿದೆ. ಎಳೆದು ನೋಡಿದೆ, ಅಲುಗುವುದಿಲ್ಲ.

ಒಳಗೆ ಅಮ್ಮ ಕೆಮ್ಮುತ್ತಿದ್ದಾಳೆ. ಈ ಕೆಮ್ಮು ನಿನ್ನೆಯೂ ಇತ್ತೇ? ಹಣೆ ಮುಟ್ಟಿ ನೋಡಬೇಕು, ಎಚ್ಚರವಾದರೆ ಬೈಸಿಕೊಂಡರೂ ಸರಿ. ಉಳಿದದ್ದು ಆಮೇಲೆ ಬರೆಯುತ್ತೇನೆ, ಮೊದಲು—