ಮುಟ್ಟಿದ ಕುದುರೆ

ಗೆಳೆಯ ವಗ್ದಿ,

ನಿನ್ನ ಹೆಸರು ಬರೆದು ಇಪ್ಪತ್ತೆರಡು ವರ್ಷವಾಯಿತು. ಕೈ ಸೋತಿದೆ, ಕಣ್ಣು ಸೋತಿವೆ. ನಿಜ ಹೇಳಬೇಕೆಂದರೆ, ನಿನ್ನ ಮೇಲೆ ಸಿಟ್ಟಿಟ್ಟುಕೊಳ್ಳುವುದಕ್ಕೂ ಈಗ ತ್ರಾಣವಿಲ್ಲ. ಆದರೂ ಇವತ್ತಿನ ಆಟವನ್ನು ನಿನಗೆ ಹೇಳದೆ ಇರಲಾರೆ.

ಅಲೆಕ್ಸಾಂಡ್ರಿಯದ ನಮ್ಮ ಹಳೆಯ ಕ್ಲಬ್ಬಿನಲ್ಲಿ ಹದಿನೈದು ನಿಮಿಷದ ಚೆಸ್ ಪಂದ್ಯಾವಳಿಯಿತ್ತು. ಐದನೆಯ ಸುತ್ತಿಗೆ ನನ್ನ ಬೆನ್ನು ಸೋತುಹೋಗಿತ್ತು. ಎದುರಿಗೆ ಬಂದು ಕೂತವಳು ನಿನ್ನ ಮಗಳು ಶಾಹಿಂದ. ನಿನ್ನ ಮೂಗೇ ಅವಳಿಗೂ ಬಂದಿದೆ, ಪಾಪ. ನನ್ನದು ಬಿಳಿ ಕಾಯಿ. ಅವಳು ಆಡಿದ್ದು ಕಾರೋ-ಕಾನ್. ಟ್ರಾಮ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ ನಾವಿಬ್ಬರೂ ತಿದ್ದಿ ತೀಡಿದ ಅದೇ ರಕ್ಷಣೆ. ಆತುರವಿಲ್ಲ, ಎಲ್ಲೂ ಒಂದು ಸಂದಿಲ್ಲ. ನಾನೇ ಕಟ್ಟಿದ ಗೋಡೆಗೆ ನಾನೇ ತಲೆ ಚಚ್ಚಿಕೊಂಡೆ.

ಕೊನೆಯ ನಿಮಿಷದಲ್ಲಿ ಗೆಲುವು ಅವಳ ಕೈಯಲ್ಲಿತ್ತು. ಆನೆ ನಡೆಸಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವಳು ಕುದುರೆ ಮುಟ್ಟಿದಳು, ತಕ್ಷಣ ಬೆಚ್ಚಿ ಕೈ ತೆಗೆದಳು. ಕುದುರೆ ಕದಲಿದರೆ ಅವಳ ರಾಣಿ ಹೋಗುತ್ತಿತ್ತು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಇದನ್ನು ನಿನಗೆ ನಾನು ಹೇಳಬೇಕೇ? ತೀರ್ಪುಗಾರ ದೂರದಲ್ಲಿದ್ದ. ನೋಡಿದವನು ನಾನೊಬ್ಬನೇ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ತಂಡದ ಆಯ್ಕೆಯ ಆಟದಲ್ಲಿ, ನಾನು ರಾಜನನ್ನು ಮುಟ್ಟಿ ಕೈ ತೆಗೆದಿದ್ದೆ. "ಮುಟ್ಟಿದ್ಯಲ್ಲೋ ಫಿಕ್ರಿ, ನಡೆಸು" ಎಂದು ನೀನು ತೀರ್ಪುಗಾರನನ್ನೇ ಕರೆದೆ. ಆಟ ಸೋತೆ, ತಂಡದ ಜಾಗ ಕೈತಪ್ಪಿತು. "ಇನ್ಮೇಲೆ ನಿನ್ ಜೊತೆ ಒಂದ್ ಲೋಟ ಚಹಾ ಕುಡಿದ್ರೂ ನಂಗೆ ಹರಾಮ್!" ಎಂದು ಎಲ್ಲರೆದುರು ಕೂಗಿ ಎದ್ದುಹೋದೆ. ಮೊಂಡ ನಾನು, ಆಡಿದ ಮಾತು ಉಳಿಸಿಕೊಂಡೆ.

ಇವತ್ತು ನಿನಗಿಂತ ದೊಡ್ಡವನಾಗುವ ಅವಕಾಶ ಸಿಕ್ಕಿತ್ತು. "ಪರವಾಗಿಲ್ಲ ಮಗಳೇ, ನಾನು ನೋಡ್ಲಿಲ್ಲ. ಬೇರೆ ಕಾಯಿ ನಡೆಸು" ಎಂದೆ, ಒಳಗೊಳಗೇ ಬೀಗುತ್ತ.

"ನೋಡಿದ್ರಿ ಚಿಕ್ಕಪ್ಪ" ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು! "ಈ ನಿಯಮಕ್ಕೋಸ್ಕರ ನಮ್ಮಪ್ಪ ನಿಮ್ಮನ್ನೇ ಕಳ್ಕೊಂಡ್ರು. ನೀವಿಬ್ರೂ ಕೂರ್ತಿದ್ದ ಆ ಕಾಫಿ ಅಂಗಡಿಗೆ ಇವತ್ತಿಗೂ ಕಾಲಿಟ್ಟಿಲ್ಲ. ನಂಗೆ ಒಂದು ಆಟ ಕಳ್ಕೊಳ್ಳೋಕಾಗಲ್ವಾ?"

ಕುದುರೆ ನಡೆಸಿ ಗಡಿಯಾರ ಒತ್ತಿದಳು. ನಾನು ರಾಣಿಯನ್ನು ಹೊಡೆದೆ. ಬಿಟ್ಟಿದ್ದರೆ ಅವಳಿಗೆ ಅವಮಾನವಾಗುತ್ತಿತ್ತು. ಗೆದ್ದು ಎದ್ದಾಗ ನನ್ನ ಕಣ್ಣು ಒದ್ದೆಯಾಗಿತ್ತು. ನೀನು ಅಂದು ನನಗೆ ದ್ರೋಹ ಮಾಡಲಿಲ್ಲ, ವಗ್ದಿ. ನಾನೇ ಸಣ್ಣವನಾದೆ.

ಶುಕ್ರವಾರ ನಮಾಜು ಮುಗಿಸಿ ಅದೇ ಅಂಗಡಿಯಲ್ಲಿ ಕೂತಿರುತ್ತೇನೆ. ಎರಡು ಲೋಟ ಚಹಾ ಹೇಳಿರುತ್ತೇನೆ. ನೆನಪಿಡು, ಲೋಟ ಮುಟ್ಟಿದರೆ ಕುಡಿಯಲೇಬೇಕು.

ನಿನ್ನ ಮಗಳನ್ನು ದೇವರು ಹೀಗೇ ಇಟ್ಟಿರಲಿ.

ದಣಿದಿರುವ ನಿನ್ನ,
ಫಿಕ್ರಿ