ತಿಥಿಯಾದವನಿಗೆ

ಶ್ರೀನಿವಾಸಪುರ
೧೨-೬-೧೯೪೬

ಪ್ರೀತಿಯ ತಮ್ಮ ಕದಿರೇಶನಿಗೆ,

ಚಿರಂಜೀವಿ ಎಂದು ಬರೆಯಹೋಗಿ ಕೈ ನಿಂತಿತು. ಎರಡು ವರ್ಷದ ಹಿಂದೆ ನಿನ್ನ ತಿಥಿ ಮಾಡಿದ ಕೈ ಇದು. ಆರೋಗ್ಯವಾಗಿದ್ದೀಯಾ? ಬರ್ಮಾದಲ್ಲಿ ಕಾಲಿಗಾದ ಗಾಯ ವಾಸಿಯಾಗಿದೆಯಂತೆ, ನಡೆಯುವಾಗ ಸ್ವಲ್ಪ ಎಳೆಯುತ್ತದಂತೆ. ನಿನಗೆ ಚಿಕ್ಕಂದಿನಿಂದಲೂ ನೆಗಡಿ ಬೇಗ. ಪೂನಾದ ಗಾಳಿ ಹೇಗೋ ಏನೋ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿರು. ಇಲ್ಲಿ ನಿನ್ನ ಅತ್ತಿಗೆಗೆ ಮಂಡಿನೋವು, ನಾನು ಗಟ್ಟಿಯಾಗಿದ್ದೇನೆ. ಈ ಸಲ ರಸಪೂರಿ ಮಾವು ಚೆನ್ನಾಗಿ ಬಿಟ್ಟಿದೆ.

ನೀನು ಬದುಕಿರುವುದು ನನಗೆ ತಿಳಿದ ಬಗೆ ಕೇಳು. ಹೋದ ಭಾನುವಾರ ಹಬೀಬುಲ್ಲಾ ನಮ್ಮ ಮಾವಿನ ಮಂಡಿಗೆ ಬಂದು, "ಅಣ್ಣಾ, ಕೋಲಾರದಾಗೆ ಇಂಗ್ಲಿಷ್ ಸಿನಿಮಾ ಬಂದೈತೆ, ಲಡಾಯಿ ಮುಗ್ದ್ಮೇಲಿನ ಕಥೆ, ನಡಿ" ಎಂದ. "ನಂಗ್ಯಾಕೋ ದೊರೆಗಳ ಭಾಷೆ?" ಎಂದೆ. "ಐದು ವರ್ಷ ಪಲ್ಟನ್ನಾಗೆ ದೊರೆಗಳ ಬೈಗುಳ ತಿಂದಿವ್ನಿ, ನಾನ್ ಹೇಳ್ತೀನಿ" ಎಂದ. ನಿನ್ನ ಜೊತೆ ಸೈನ್ಯಕ್ಕೆ ಸೇರಿದವನು, ನೀನು ಸತ್ತೆಯೆಂದು ಅಲ್ಲಿಂದ ಕಾಗದ ಬರೆದವನು. ಅವನ ಪಕ್ಕ ಕೂತರೆ ನೀನೇ ಹತ್ತಿರವಿದ್ದ ಹಾಗೆ ನನಗೆ. ಬಸ್ಸು ಹತ್ತಿದೆ.

ಚಿತ್ರದಲ್ಲಿ ಒಬ್ಬ ಸಿಪಾಯಿ. ಸತ್ತನೆಂದು ಗೆಳೆಯನ ಕೈಲಿ ಮನೆಗೆ ಹೇಳಿಕಳಿಸಿ, ಇನ್ನೊಬ್ಬಳ ಜೊತೆ ಇರುತ್ತಾನೆ. ಅವಳು ಬಿಟ್ಟುಹೋದ ಮೇಲೆ ಊರಿನ ರೈಲು ಹತ್ತುತ್ತಾನೆ. ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆಯುತ್ತಾಳೆ. ಹಬೀಬುಲ್ಲಾ ನನ್ನ ಕಿವಿಯಲ್ಲಿ, "ಏನೇ ಮಾಡಿರು, ನೀನ್ ಬಂದ್ಯಲ್ಲಾ, ನಂಗದೇ ಸಾಕು ಅಂತಾವ್ಳೆ" ಎಂದ. ಅಷ್ಟುದ್ದದ ಮಾತಿಗೆ ಅವಳ ತುಟಿ ಅಲ್ಲಾಡಿದ್ದು ಎರಡೇ ಸಲ. ಆದರೂ ನಾನು ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಹುಡುಗನೂ ಹೀಗೆ ಬಂದಿದ್ದರೆ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅದಕ್ಕೇ ಅವನು ಕಾದಿದ್ದ. ಹೊರಗೆ ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದ. ಆ ಕಾಗದ ನೀನೇ ಬರೆಸಿದ್ದು. ಪೂನಾ ಆಸ್ಪತ್ರೆಯ ನರ್ಸಮ್ಮನ ಜೊತೆ ನೀನು ಸಂಸಾರ ಹೂಡಿದ್ದೆ. ಈಗ ಅವಳು ತನ್ನ ದಾರಿ ನೋಡಿಕೊಂಡಿದ್ದಾಳೆ, ನಿನಗೆ ಮನೆಗೆ ಬರಬೇಕೆಂದಿದೆಯಂತೆ. "ಈ ಸಿನಿಮಾ ತೋರ್ಸು, ಅಣ್ಣನ ಮನ್ಸು ಕರಗ್ತದೆ ಅಂತ ಅವ್ನೇ ಬರ್ದಿದ್ದ. ಪೂನಾದಾಗೆ ನಾಕ್ ಸಲ ನೋಡವ್ನಂತೆ" ಎಂದ. "ಆ ಹೆಂಗ್ಸು ನಿಜ್ವಾಗ್ಲೂ ಹಂಗಂದ್ಳೇನೋ?" ಎಂದು ಕೇಳಿದೆ. ತಲೆ ತಗ್ಗಿಸಿ, "ಆಕೆ ಮಾತು ನಂಗೂ ತಿಳೀಲಿಲ್ಲ ಅಣ್ಣಾ" ಎಂದ.

ಕದಿರೇಶಾ, ಅಪ್ಪ ಹೋದಾಗ ನಿನಗೆ ನಾಲ್ಕು ವರ್ಷ. ಸಾಕಿದೆನೆಂದು ಹೇಳಿಕೊಳ್ಳುವುದಿಲ್ಲ. ಆದರೆ ನಿನ್ನ ಮದುವೆಯ ಅಂಗಿಗೆ ಹುಲ್ಲು ತುಂಬಿ, ಅದನ್ನೇ ಹೆಣವೆಂದು ಮಲಗಿಸಿ ಕೊಳ್ಳಿಯಿಟ್ಟವನು ನಾನು. ಸರ್ಕಾರದ ಕಾಗದ ಬಂದಿಲ್ಲ, ತಡೆಯೋಣ ಎಂದು ನಿನ್ನ ಅತ್ತಿಗೆ ಅಂದಾಗ, "ಹಬೀಬುಲ್ಲಾ ಸುಳ್ ಬರೀತಾನೇನೇ?" ಎಂದು ಗದರಿಸಿದವನೂ ನಾನೇ. ನಿನ್ನ ಹೆಂಡತಿ ಶಾಮಲಮ್ಮನ ಬಳೆ ಒಡೆಸಿದಾಗ ಅವಳಿಗೆ ಇಪ್ಪತ್ತೊಂದು. ಗಾಜು ಚುಚ್ಚಿದ ಗುರುತು ಮಣಿಕಟ್ಟಿನಲ್ಲಿ ಇನ್ನೂ ಇದೆ. ಆ ದಿನವೂ ನೀನು ಪೂನಾದಲ್ಲಿ ಕೂತು ಊಟ ಮಾಡಿದ್ದೆ.

ಆದರೂ ಪುರೋಹಿತರನ್ನು ಕೇಳಿಬಂದೆ. ತಿಥಿಯಾದವನು ಮನೆ ಹೊಗಬೇಕಾದರೆ ಈಗ ತಾನೇ ಹುಟ್ಟಿದವನ ಹಾಗೆ ಹೆಸರಿಡಬೇಕಂತೆ, ಹೆಂಡತಿಗೆ ಮತ್ತೆ ತಾಳಿ ಕಟ್ಟಬೇಕಂತೆ. ಎಲ್ಲವನ್ನೂ ಶಾಮಲಮ್ಮನಿಗೆ ಹೇಳಿ ಅವಳ ಇಷ್ಟಕ್ಕೆ ಬಿಟ್ಟಿದ್ದೇನೆ. ಎರಡು ದಿನದಿಂದ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಇದ್ದಾಳೆ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು. ಆಶೀರ್ವಾದ ಬರೆಯಬೇಡ ಎಂದು ನಿನ್ನ ಅತ್ತಿಗೆ ಹೇಳಿದ್ದಾಳೆ, ನಾನು ಬರೆದಿದ್ದೇನೆ.

ನಿನ್ನ ಅಣ್ಣ,
ಮುನಿರಾಮಪ್ಪ

ಮತ್ತೆ: ಟಪಾಲಿಗೆ ಹೊರಟವನನ್ನು ಶಾಮಲಮ್ಮ ಬಾಗಿಲಲ್ಲಿ ತಡೆದಳು. "ಅವ್ರು ಬಂದ್ರೂ ಹೊಸ್ದಾಗೇ ತಾಳಿ ಕಟ್ಬೇಕಲ್ವಾ ಬಾವಾ?" ಎಂದಳು. ಹೂಂ ಎಂದೆ. "ಹೊಸ್ದಾಗೇ ಅಂದ್ಮೇಲೆ, ಯಾರ ಕೈಲಿ ಕಟ್ಟಿಸ್ಕೋಬೇಕು ಅನ್ನೋದು ನಂದು" ಎಂದಳು. ಗಂಡ ಹೋದವಳಿಗೆ ನಮ್ಮಲ್ಲಿ ಕೂಡಿಕೆ ಮದುವೆ ಉಂಟೆಂದು ನಿನಗೆ ಗೊತ್ತಲ್ಲ. ಹೆಂಡತಿ ತೀರಿಕೊಂಡ ಮುಳಬಾಗಿಲ ಕಡೆಯ ದೊಡ್ಡವೆಂಕಟಪ್ಪ ಹೋದ ವರ್ಷವೇ ಇವಳನ್ನು ಕೇಳಿಕಳಿಸಿದ್ದ. "ಅವ್ರು ಬಂದ್ರೂ ಬರ್ಬೋದು" ಎಂದು ಇವಳೇ ಒಪ್ಪಿರಲಿಲ್ಲ. ಈಗ ಇವಳು ಹೂಂ ಎಂದಳು, ಆಳು ಹೋಗಿ ಅವನ ಒಪ್ಪಿಗೆಯನ್ನೂ ತಂದ. ನಾಡಿದ್ದು ಶುಕ್ರವಾರ ಕೂಡಿಕೆ. ಹೆಣ್ಣು ಕೊಡುವವನು ನಾನು. ಕಾಗದ ನಿನ್ನ ಕೈಸೇರುವ ಹೊತ್ತಿಗೆ ಮುಗಿದಿರುತ್ತದೆ. ಹೊರಡಬೇಡ.